ಕಾರ್ಟ್ರಿಜ್‌ನ ‘ಕಂಪ್ಲಯನ್ಸ್’ಗೆ ‘ಅನುಸರಣೆ’ ಎನ್ನಬಹುದೇ?

ಬಲ್ಲವರಲ್ಲಿ ಒಂದು ವಿಚಾರಣೆ.

ಎಲ್‌ಪಿ ತಟ್ಟೆ ನುಡಿಸುವ ಯಂತ್ರದ ತೋಳಿಗೆ ಯಾವ ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ, ತೋಳಿನ ತುದಿಯ ಪುಟ್ಟ ಸಾಧನ) ಹೊಂದುತ್ತದೆ ಎಂಬುದನ್ನು ತಿಳಿಸುವ ಚಿಕ್ಕ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನ ಪದಗಳ ಬಗ್ಗೆ ತಕರಾರಿಲ್ಲ. ಟರ್ನ್‌ಟೇಬಲ್, ಕಾರ್ಟ್ರಿಜ್, ಅದನ್ನು ಕೂರಿಸುವ ಹೆಡ್‌ಶೆಲ್ ಹಾಗೆಯೇ ಇರಲಿ. ಸ್ಟೈಲಸ್‌ಗೆ ಗ್ರಾಮಫೋನ್ ಕಾಲದ ‘ಮುಳ್ಳು’ ಇದ್ದೇ ಇದೆ. ಆಗ ಉಕ್ಕಿನದಿತ್ತು, ಈಗ ವಜ್ರದ್ದು. ಮುಳ್ಳು ಓಡುವ ದಾರಿಗೆ ‘ಜಾಡು’ ಎಂದಿದ್ದೇನೆ, ಏಕೆಂದರೆ ‘ಗೀರು’ ಎಂದರೆ ತಟ್ಟೆಯೇ ಹಾಳಾದ ಹಾಗೆ ಕೇಳಿಸುತ್ತದೆ. ಕೈ ನಿಂತಿರುವುದು ಕಂಪ್ಲಯನ್ಸ್ ಮತ್ತು ಎಫೆಕ್ಟಿವ್ ಮಾಸ್ ಎಂಬ ಎರಡು ಕಡೆ, ಸ್ವಲ್ಪ ಮಟ್ಟಿಗೆ ರೆಸೊನೆನ್ಸ್ (ತೋಳು, ಕಾರ್ಟ್ರಿಜ್ ಸೇರಿ ತಾವಾಗಿ ತೂಗಾಡುವ ಕಂಪನ) ಬಳಿ.

ಅನುವಾದ ಯಂತ್ರಗಳು ಕಂಪ್ಲಯನ್ಸ್‌ಗೆ ‘ಅನುಸರಣೆ’ ಎನ್ನುತ್ತವೆ. ತೆರಿಗೆ ಇಲಾಖೆಯ ಸುತ್ತೋಲೆಗೆ ಅದು ಸರಿ, ವಜ್ರದ ಮುಳ್ಳಿಗೆ ಯಾವ ಕಾಯಿದೆ? ಇಲ್ಲಿ ಆಗುವುದಿಷ್ಟು: ಮುಳ್ಳನ್ನು ಹೊತ್ತ ಸಣ್ಣ ಕಡ್ಡಿಯ ಬುಡಕ್ಕೆ ರಬ್ಬರಿನ ಆಸರೆ ಇರುತ್ತದೆ. ಗೊತ್ತಾದಷ್ಟು ಬಲಕ್ಕೆ ಆ ಆಸರೆ ಎಷ್ಟು ಸರಿಯುತ್ತದೆ ಎಂಬುದೇ ಕಂಪ್ಲಯನ್ಸ್. ಆರ್ಟೊಫೋನ್ 2ಎಂ ರೆಡ್ ಕಾರ್ಟ್ರಿಜ್‌ಗೆ ತಯಾರಕರು ಕೊಡುವ ಅಂಕಿ 20, ಅಂದರೆ 1 ಮಿಲಿನ್ಯೂಟನ್ ಬಲಕ್ಕೆ ಮುಳ್ಳು 20 ಮೈಕ್ರೊಮೀಟರ್ ಪಕ್ಕಕ್ಕೆ ಸರಿಯುತ್ತದೆ. 1960ರ ದಶಕದಲ್ಲಿ ಜಪಾನಿನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆಯ ಬಳಕೆಗೆಂದು ರೂಪುಗೊಂಡು ಇಂದಿಗೂ ಮಾರಾಟವಾಗುತ್ತಿರುವ ಡೆನಾನ್ ಡಿಎಲ್-103ಕ್ಕೆ ಅದೇ ಅಂಕಿ 5. ಒಂದು ಮೆತ್ತಗಿದೆ, ಇನ್ನೊಂದು ಪೆಡಸು. ಒಂದು ಎಚ್ಚರಿಕೆ: ಡೆನಾನ್ ಈ ಅಳತೆ ತೆಗೆದಿರುವುದು 100 ಹರ್ಟ್ಸ್‌ನಲ್ಲಿ. ರೆಸೊನೆನ್ಸ್‌ಗಾಗಿ ನಮಗೆ ಬೇಕಾದ 10 ಹರ್ಟ್ಸ್ ಆಸುಪಾಸಿನ ಲೆಕ್ಕಕ್ಕೆ ಅದನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳುವುದು ಬಳಕೆದಾರರ ರೂಢಿ.

ಮೊದಲು ನನಗೆ ಹೊಳೆದದ್ದು ‘ಬಳುಕು’. ಕಿವಿಗೆ ಹಿತವಾಗಿದೆ, ಆದರೆ ಬಳುಕುವುದು ಬಳ್ಳಿಯ ಗುಣ, ಇಡೀ ಮೈ ಬಾಗಬೇಕು. ಇಲ್ಲಿ ಕಡ್ಡಿ ಬಾಗಲೇಬಾರದು. ಬಾಗಿದರೆ ನಾದ ಕೆಡುತ್ತದೆ. ‘ನಮ್ಯತೆ’ ಶಾಸ್ತ್ರೀಯವಾಗಿದೆ, ಅದರಲ್ಲೂ ಅದೇ ತೊಡಕು. ಈಗ ನನ್ನ ಒಲವು ‘ಮಣಿತ’ದ ಕಡೆಗಿದೆ. ‘ಒತ್ತಡಕ್ಕೆ ಮಣಿದು’ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಬಲ ಬಿದ್ದಾಗ ಜಾಗ ಬಿಡುವುದು ಎಂಬ ಅರ್ಥ ಅದರಲ್ಲಿ ನೇರವಾಗಿಯೇ ಇದೆ. ಕುಣಿತ, ಹಿಡಿತಗಳ ಸಾಲಿನಲ್ಲಿ ಕೂರುವ ಪದ. ಸಂಸ್ಕೃತದ ‘ಮಣಿತ’ಕ್ಕೆ ಶೃಂಗಾರದ ಬೇರೆಯೇ ಅರ್ಥವಿದೆ ಎಂದು ಪಂಡಿತರು ನಗಬಹುದು, ಕೈಪಿಡಿ ಓದುವವರ ಗಮನ ಅಲ್ಲಿಗೆ ಹೋಗಲಾರದು ಎಂದು ನಂಬಿದ್ದೇನೆ.

ಎಫೆಕ್ಟಿವ್ ಮಾಸ್ ಇನ್ನೂ ಕಠಿಣ. ‘ಪರಿಣಾಮಕಾರಿ ದ್ರವ್ಯರಾಶಿ’ ಎಂದರೆ ಔಷಧಿಯ ಜಾಹೀರಾತಿನಂತಿದೆ. ತೋಳು ಒಂದು ಕೀಲಿನ ಮೇಲೆ ತಿರುಗುತ್ತದೆ, ಅದರ ಯಾವ ಭಾಗ ಕೀಲಿನಿಂದ ಎಷ್ಟು ದೂರದಲ್ಲಿದೆ ಎನ್ನುವುದು ಮುಖ್ಯ. ದೋಟಿಯ ತುದಿಗೆ ಕಟ್ಟಿದ ಕಾಲು ಕಿಲೋ ಕೈಯನ್ನು ಸೋಲಿಸುತ್ತದೆ, ಹಿಡಿಯ ಬಳಿ ಕಟ್ಟಿದರೆ ಗೊತ್ತೂ ಆಗುವುದಿಲ್ಲ. ಹಾಗೆಯೇ ಹಿಂಬದಿಯ ಸಮತೋಲನದ ಬಟ್ಟು ಎಷ್ಟೇ ತೂಕದ್ದಾದರೂ ಕೀಲಿಗೆ ಹತ್ತಿರವಿರುವುದರಿಂದ ಸೇರಿಸುವುದು ಸ್ವಲ್ಪ. ಮುಂತುದಿಯ ಹೆಡ್‌ಶೆಲ್ ಮಾತ್ರ ಬಹುಪಾಲು ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ. ಎಲ್ಲವನ್ನೂ ಮುಳ್ಳಿನ ಜಾಗಕ್ಕೆ ಇಳಿಸಿ ಹೇಳಿದ ಜಡತ್ವವೇ ಎಫೆಕ್ಟಿವ್ ಮಾಸ್. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ರ ತೋಳಿಗೆ ಹೆಡ್‌ಶೆಲ್ ಸೇರಿ 12 ಗ್ರಾಂ.

‘ತುದಿತೂಕ’ ಎಂದು ಬರೆದು ಹೊಡೆದುಹಾಕಿದೆ. ಮುಳ್ಳು ತಟ್ಟೆಯನ್ನು ಒತ್ತುವ ಭಾರವನ್ನೂ ಗ್ರಾಂಗಳಲ್ಲೇ ಹೇಳುತ್ತಾರಲ್ಲ! 2ಎಂ ರೆಡ್‌ಗೆ ಅದು 1.8 ಗ್ರಾಂ. 12 ಗ್ರಾಂ ತೋಳು ಎಂದು ಓದಿದವರು ಜಾಡಿನ ಮೇಲೆ 12 ಗ್ರಾಂ ಭಾರ ಬೀಳುತ್ತದೆಂದು ಗಾಬರಿಯಾಗುವುದು ಸಹಜ. ಬಟ್ಟನ್ನು ತಿರುಗಿಸಿ ಹೊಂದಿಸುವ ಭಾರಕ್ಕೆ ‘ಮುಳ್ಳಿನ ಒತ್ತು’ ಎಂದು ಇಟ್ಟುಕೊಂಡಿದ್ದೇನೆ. ಇನ್ನೊಂದಕ್ಕೆ ಸದ್ಯ ‘ತುದಿಜಡತ್ವ’ ಎಂದಿದೆ, ಮನಸ್ಸಿಗೆ ಒಪ್ಪಿಲ್ಲ. ಜಡತ್ವ ಎಂದರೆ ಸೋಮಾರಿತನ ಎಂದು ಓದುವವರೇ ಹೆಚ್ಚು.

ಮಣಿತ, ತುದಿಜಡತ್ವ ಎರಡೂ ಕೂಡುವುದು ರೆಸೊನೆನ್ಸ್ ಸೂತ್ರದಲ್ಲಿ. ತೋಳಿನ ತುದಿಜಡತ್ವ, ಕಾರ್ಟ್ರಿಜ್, ತಿರುಪು ಮೂರನ್ನೂ ಗ್ರಾಂಗಳಲ್ಲಿ ಕೂಡಿಸಿ ಮಣಿತದಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಬೇಕು. ಟೆಕ್ನಿಕ್ಸ್ ತೋಳಿನಲ್ಲಿ 7.2 ಗ್ರಾಂ ತೂಗುವ 2ಎಂ ರೆಡ್ ಕೂರಿಸಿದರೆ ತಿರುಪು ಸೇರಿ ಒಟ್ಟು ಸುಮಾರು 20 ಗ್ರಾಂ. ಉತ್ತರ 8 ಹರ್ಟ್ಸ್ ಹತ್ತಿರ. 8ರಿಂದ 12ರೊಳಗೆ ಬಂದರೆ ಒಳ್ಳೆಯದು. ಇದೇ ಕಾರ್ಟ್ರಿಜ್ ಅನ್ನು 25 ಗ್ರಾಂ ತೋಳಿಗೆ ಕಟ್ಟಿದರೆ 6ರ ಬಳಿಗೆ ಇಳಿಯುತ್ತದೆ; ಸೊಟ್ಟಗಾದ ತಟ್ಟೆಯ ಏರಿಳಿತ, ನೆಲದ ಮೇಲಿನ ಹೆಜ್ಜೆ ಎರಡೂ ತೋಳನ್ನು ಕುಣಿಸುತ್ತವೆ. 8.5 ಗ್ರಾಂ ತೂಗುವ ಡಿಎಲ್-103ನ್ನು 5 ಗ್ರಾಂನ ಹಗುರ ತೋಳಿಗೆ ಹಾಕಿದರೆ ಮಣಿತವನ್ನು ದುಪ್ಪಟ್ಟು ಹಿಡಿದರೂ 13ನ್ನು ದಾಟುತ್ತದೆ, ಸಂಗೀತದ ಕೆಳಗಿನ ಸ್ವರಗಳ ಕಡೆಗೆ ಸರಿಯುತ್ತದೆ.

ಇದಕ್ಕೆ ‘ಅನುರಣನ’ ಎನ್ನಲು ನನಗೇಕೋ ಹಿಂಜರಿಕೆ. ಅಲಂಕಾರಶಾಸ್ತ್ರ ಓದಿದವರಿಗೆ ಅದು ಗಂಟೆ ಹೊಡೆದ ಮೇಲೂ ಉಳಿಯುವ ನಾದ. ಇಲ್ಲಿನ 8 ಹರ್ಟ್ಸ್ ಕಿವಿಗೆ ಕೇಳಿಸುವುದೇ ಇಲ್ಲ, ಸ್ಪೀಕರಿನ ಕಾಗದದ ಕೋನು ಸುಮ್ಮನೆ ಒಳಗೂ ಹೊರಗೂ ಏದುಸಿರು ಬಿಡುವುದಷ್ಟೇ ಕಾಣುತ್ತದೆ. ಆದರೂ ಪದ ರೂಢಿಗೆ ಬಂದಿದೆ, ಉತ್ತಮವಾದದ್ದು ಸಿಗದಿದ್ದರೆ ಅದನ್ನೇ ಇಡುತ್ತೇನೆ.

ಹಾಗಾಗಿ ಕೇಳುವುದು ಇಷ್ಟು. ‘ಮಣಿತ’ವನ್ನು ಈ ಅರ್ಥದಲ್ಲಿ ಎಲ್ಲಾದರೂ ಬಳಸಿದ್ದನ್ನು ಕಂಡಿದ್ದೀರಾ? ಸ್ಪ್ರಿಂಗ್ ಕೆಲಸ ಮಾಡುವವರು, ಕಮ್ಮಾರರು, ಮಗ್ಗದವರು ಮೆತ್ತನೆಯ ಸ್ಪ್ರಿಂಗಿಗೂ ಪೆಡಸು ಸ್ಪ್ರಿಂಗಿಗೂ ನಿಮ್ಮ ಕಡೆ ಏನೆನ್ನುತ್ತಾರೆ? ಇನ್ನು ‘ತುದಿಜಡತ್ವ’ದ ಜಾಗಕ್ಕೆ, ತೂಕ ಎಂಬ ಸೋಂಕಿಲ್ಲದ ಬೇರೆ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.