ಸಿಪ್ಯಾಪ್ ಹಾಕಿದ ಎರಡು ಗಂಟೆಗೆ ಮೂಗು ಕಟ್ಟುತ್ತದೆ, ಬೆಳಿಗ್ಗೆ ಬಾಯಿ ಒಣಗಿರುತ್ತದೆ

ಪ್ರಶ್ನೆ: ಆಟೋ ಸಿಪ್ಯಾಪ್ (ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ತೊಂದರೆಗೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಮಷಿನ್), ಒತ್ತಡ 6–12, ಮೂಗಿನ ಮಾಸ್ಕ್, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ 2ರಲ್ಲಿದೆ, ಏಸಿ ಕೋಣೆ. ಮೂಗು ಕಟ್ಟಿ ಮಧ್ಯರಾತ್ರಿ ಮಾಸ್ಕ್ ಕಿತ್ತಿಡಬೇಕಾಗುತ್ತಿದೆ. ಹತ್ತು ದಿನದಿಂದ ಮೂಗು ಬಿಡಿಸುವ ಕ್ಸೈಲೋಮೆಟಜೋಲಿನ್ ಡ್ರಾಪ್ಸ್ ಹಾಕುತ್ತಿದ್ದೇನೆ, ಈಗ ಅದಕ್ಕೂ ಬಗ್ಗುತ್ತಿಲ್ಲ. ಮೂಗು, ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಕೊಳ್ಳಲೇ?

ಉತ್ತರ: ಈಗಲೇ ಬೇಡ ಸರ್. ಬಾಯಿ ಒಣಗುತ್ತಿದೆ ಎಂದರೆ ನಿದ್ದೆಯಲ್ಲಿ ಗಾಳಿ ಬಾಯಿಂದ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ಮೊದಲು ಮಷಿನ್‌ನಲ್ಲಿ ಲೀಕ್ ಅಂಕಿ ನೋಡಿ. ಮಾಮೂಲಿಯಾಗಿ ಹೊರಬರುವ ಉಸಿರು ತನ್ನ ತೇವವನ್ನು ಮೂಗಿಗೆ ಕೊಟ್ಟು ಹೋಗುತ್ತದೆ. ಬಾಯಿಂದ ಸೋರಿದಾಗ ಮೂಗಿನಲ್ಲಿ ಗಾಳಿ ಒಳಮುಖವಾಗಿ ಮಾತ್ರ ಹರಿದು, ಒಳಪೊರೆ ಒಣಗಿ ಊದಿಕೊಳ್ಳುತ್ತದೆ. ಮೂಗು ಕಟ್ಟಿದಷ್ಟೂ ಬಾಯಿ ಇನ್ನಷ್ಟು ತೆರೆಯುತ್ತದೆ. ಫುಲ್ ಫೇಸ್ ಮಾಸ್ಕ್ ಹಾಕಿದರೂ ಕಟ್ಟಿದ ಮೂಗು ಬಿಡುವುದಿಲ್ಲ, ಎಷ್ಟೋ ಜನರಿಗೆ ಒತ್ತಡವೂ ಹೆಚ್ಚು ಬೇಕಾಗುತ್ತದೆ.

ಹ್ಯುಮಿಡಿಫೈಯರನ್ನು ರಾತ್ರಿಗೆ ಒಂದೊಂದು ಅಂಕೆಯಂತೆ ಏರಿಸಿ. ಪೈಪಿನಲ್ಲಿ ನೀರು ಗುಳುಗುಳು ಎಂದರೆ ತಕ್ಷಣ ಇಳಿಸಬೇಡಿ, ಪೈಪ್ ತಣ್ಣಗಾಗಿ ತೇವ ನೀರಾಗುತ್ತಿದೆ ಅಷ್ಟೇ. ಏಸಿಯನ್ನು 26ಕ್ಕೆ ಇಡಿ, ಪೈಪಿಗೆ ಬಟ್ಟೆಯ ಕವಚ ಹಾಕಿ, ಮಷಿನ್ ಮಂಚಕ್ಕಿಂತ ತಗ್ಗಿನಲ್ಲಿರಲಿ. ಬಿಸಿಯಾಗುವ ಪೈಪ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ನಿಜವಾದ ಅಪಾಯ ಆ ಡ್ರಾಪ್ಸ್. ನಾಲ್ಕೈದು ದಿನ ಮೀರಿದರೆ ಮದ್ದಿನಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ. ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಅದು ತೆರೆದ ಮೇಲೆ ಇನ್ನೊಂದಕ್ಕೂ ನಿಲ್ಲಿಸಿ. ಇಎನ್‌ಟಿ ವೈದ್ಯರನ್ನು ಕೇಳಿ ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ ಶುರು ಮಾಡಿ. ತಲೆ ತುಸು ಬಗ್ಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ತುದಿ ಕಿವಿಯ ಕಡೆಗಿರಲಿ. ನಡುಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಪೂರ್ತಿ ಗುಣ ಕಾಣಲು ಎರಡು ವಾರ ಬೇಕಾಗಬಹುದು, ಎರಡೇ ರಾತ್ರಿಗೆ ಕೈಬಿಡಬೇಡಿ.

ಇನ್ನೊಂದು ಉತ್ತರ: ಮಲಗುವ ಮುಂಚೆ ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ. ಕುದಿಸಿ ಆರಿಸಿದ 240 ಮಿ.ಲೀ. ನೀರಿಗೆ ಸುಮಾರು 2 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೆ ಉರಿಯುತ್ತದೆ. ನಲ್ಲಿ ನೀರನ್ನು ಹಾಗೇ ಮೂಗಿಗೆ ಬಿಡಲೇಬೇಡಿ, ಅಮೀಬಾ ಸೋಂಕು ಅಪರೂಪವಾದರೂ ಪ್ರಾಣಕ್ಕೆ ಬರುತ್ತದೆ. ತೊಳೆದು ಹತ್ತು ನಿಮಿಷವಾದ ಮೇಲೆ ಸ್ಪ್ರೇ. ಹ್ಯುಮಿಡಿಫೈಯರ್ ತೊಟ್ಟಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಬೆಳಿಗ್ಗೆ ಉಳಿದದ್ದನ್ನು ಚೆಲ್ಲಿ ಒಣಗಿಸಿ. ಬೋರ್‌ವೆಲ್ ನೀರು ಹಾಕಿದರೆ ಬಿಳಿ ಪದರ ಕಟ್ಟುತ್ತದೆ. ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ.

ಪ್ರಶ್ನೆ ಕೇಳಿದವರು: ಲೀಕ್ ನಿಜವಾಗಿಯೂ ಜಾಸ್ತಿ ಇದೆ. ಎಡ ಹೊಳ್ಳೆ ಮಾತ್ರ ಹಗಲಲ್ಲೂ ಕಟ್ಟಿರುತ್ತದೆ.

ಉತ್ತರ: ಒಮ್ಮೆ ಎಡ, ಒಮ್ಮೆ ಬಲ ಎಂದು ಬದಲಾಗುತ್ತಿದ್ದರೆ ಅದು ಮೂಗಿನ ಸಹಜ ಲಯ. ಸದಾ ಒಂದೇ ಕಡೆ ಎಂದರೆ ನಡುಗೋಡೆ ವಾಲಿರಬಹುದು, ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆಯ ಗಂಟು) ಇರಬಹುದು. ಸಣ್ಣ ಕ್ಯಾಮೆರಾದಿಂದ ಮೂಗಿನೊಳಗೆ ನೋಡುವ ಎಂಡೋಸ್ಕೋಪಿ ಮಾಡಿಸಿ. ಮೂಗಿನ ಆಪರೇಷನ್ ಒಂದರಿಂದಲೇ ಅಪ್ನಿಯಾ ಹೋಗುವುದು ಅಪರೂಪ, ಆದರೆ ಒತ್ತಡ ಇಳಿದು ಮಾಸ್ಕ್ ಹಾಕಿಕೊಂಡು ಮಲಗುವುದು ಸುಲಭವಾಗುತ್ತದೆ. ಅಲ್ಲಿಯವರೆಗೆ ರಾತ್ರಿ ಮಾಸ್ಕ್ ತೆಗೆದರೂ ಮೂಗು ಚೊಕ್ಕ ಮಾಡಿಕೊಂಡು, ಮತ್ತೆ ಹಾಕಿಕೊಂಡೇ ಮಲಗಿ.