ಸಹಾಯ ಬೇಕು: ಓವರ್‌ಡ್ರೈವ್‌ಗೆ ಕರೆಂಟ್ ಸಾಲುತ್ತಿಲ್ಲ

ನನ್ನದು 1972ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು), ಲೇಕಾಕ್ ಕಂಪನಿಯ ಎಲ್‌ಎಚ್ ಮಾದರಿಯ ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ನಿಧಾನ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್). ಒಂದು ವಾರದಿಂದ ಮೂರನೇ, ನಾಲ್ಕನೇ ಗೇರ್‌ನಲ್ಲಿ ಸ್ವಿಚ್ ಹಾಕಿದರೂ ಓವರ್‌ಡ್ರೈವ್ ಬೀಳುತ್ತಿಲ್ಲ. ಗೇರ್‌ಬಾಕ್ಸ್ ಆಯಿಲ್ ಸರಿಯಿದೆ. ಬ್ಯಾಟರಿಯಿಂದ ನೇರ ವೈರ್ ಕೊಟ್ಟರೆ ಸೊಲೆನಾಯ್ಡ್ (ಓವರ್‌ಡ್ರೈವ್ ಬೀಳಿಸುವ ವಿದ್ಯುತ್ ಕಾಂತ) 'ಟಕ್' ಅನ್ನುತ್ತದೆ, ಹಾಗಾಗಿ ಅದು ಸತ್ತಿಲ್ಲ. ಫ್ಯೂಸ್ ಕೂಡ ಚೆನ್ನಾಗಿದೆ.

ತಲೆ ಕೆಟ್ಟಿರುವುದು ಇಲ್ಲಿ. ಸೊಲೆನಾಯ್ಡ್‌ಗೆ ಹೋಗುವ ಹಳದಿ ವೈರ್ ಬಿಚ್ಚಿ ಮೀಟರ್ ಇಟ್ಟರೆ ಪೂರ್ತಿ 12 ವೋಲ್ಟ್. ಖುಷಿಯಾಗಿ ವಾಪಸ್ ಸಿಕ್ಕಿಸಿದರೆ ಅದೇ ಜಾಗದಲ್ಲಿ 4 ವೋಲ್ಟ್! ಡ್ಯಾಶ್‌ಬೋರ್ಡ್ ಸ್ವಿಚ್ ದಾಟಿದ ಮೇಲೂ, ಲೋಡ್ ಇದ್ದಾಗಲೇ (ಸೊಲೆನಾಯ್ಡ್ ಸಿಕ್ಕಿಸಿರುವಾಗಲೇ), 12 ತೋರಿಸುತ್ತದೆ. ಅಂದರೆ ಮಧ್ಯದಲ್ಲೆಲ್ಲೋ ವೋಲ್ಟೇಜ್ ಕುಸಿಯುತ್ತಿದೆ, ಅಲ್ವಾ? ಕಣ್ಣಿಗೆ ಕಂಡ, ವೈರ್ ಜೋಡಿಸುವ ಬುಲೆಟ್ ಕನೆಕ್ಟರ್‌ಗಳನ್ನೆಲ್ಲ ಉಜ್ಜಿದ್ದೇನೆ, ಒಂದು ಹಸಿರುಗಟ್ಟಿತ್ತು. ಪ್ರಯೋಜನ ಆಗಲಿಲ್ಲ.

ಇದು ಗೇರ್‌ಬಾಕ್ಸ್ ಮೇಲಿನ ಇನ್‌ಹಿಬಿಟರ್ ಸ್ವಿಚ್‌ನದೇ (ಮೂರು, ನಾಲ್ಕನೇ ಗೇರ್‌ನಲ್ಲಿ ಮಾತ್ರ ಕರೆಂಟ್ ಬಿಡುವ ಸ್ವಿಚ್) ತೊಂದರೆಯಾ, ವೈರಿನದಾ? ಗೇರ್‌ಬಾಕ್ಸ್ ಇಳಿಸದೆ ಖಚಿತ ಮಾಡಿಕೊಳ್ಳುವುದು ಹೇಗೆ?