ಅಪ್‌ಡೇಟ್: ತಂಗಿಗೆ ಕೊನೆಗೂ ಇಎಸ್‌ಐ ವಿಮಾ ಸಂಖ್ಯೆ ಸಿಕ್ಕಿತು

ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ದುಡಿಯುವ ತಂಗಿಯ ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಚಿಕಿತ್ಸೆ, ನೆರವಿಗೆಂದು ಇರುವ ಸರ್ಕಾರಿ ವಿಮೆ) ಹಣ ಕಡಿತವಾಗುತ್ತಿದ್ದರೂ ವಿಮಾ ಸಂಖ್ಯೆ ಕೊಟ್ಟಿಲ್ಲ, ಏನು ಮಾಡಲಿ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ.

ಮ್ಯಾನೇಜರ್‌ಗೆ ಪತ್ರ ಬರೆಯುವ ಸಲಹೆ ಫಲಿಸಲಿಲ್ಲ. ‘ನಾಳೆ ಬಾ’ ಎಂದೇ ಎರಡು ವಾರ ಸಾಗಹಾಕಿದರು. ಸಂಬಳದ ಚೀಟಿ ಹಿಡಿದು ನೇರವಾಗಿ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಎಂದವರಿಗೆ ಕೈಮುಗಿಯುತ್ತೇನೆ. 14,000 ರೂಪಾಯಿ ಸಂಬಳ, ಕಡಿತ 105 ಎಂಬ ಸಾಲಿನ ಮೇಲೆ ಬೆರಳಿಟ್ಟು ಓದಿದ ಅಧಿಕಾರಿ, ಅಲ್ಲೇ ಲಿಖಿತ ದೂರು ಪಡೆದರು. ಎಂಟನೇ ದಿನ ನೋಂದಣಿಯಾಯಿತು. ತಂಗಿಯನ್ನೇ ಅವಲಂಬಿಸಿರುವ ಅಮ್ಮನ ಹೆಸರೂ ವಿಮೆಯಲ್ಲಿ ಸೇರಿತು!

ನನಗೆ ಗೊತ್ತೇ ಇರದಿದ್ದ ವಿಷಯ: ಇಎಸ್‌ಐಗೆ ಕಾರ್ಮಿಕರ ಪಾಲು ಸಂಬಳದ ಶೇ 0.75, ಮಾಲೀಕರದು ಶೇ 3.25. ಎರಡನ್ನೂ ಕಟ್ಟುವ ಹೊಣೆ ಮಾಲೀಕರದೇ. ಕಾನೂನಿನ ಪ್ರಕಾರ, ಕಡಿತ ಮಾಡಿದ ಹಣ ಕಾರ್ಮಿಕರು ನಂಬಿ ಒಪ್ಪಿಸಿದ ಹಣ. ಸಂಬಳದ ಚೀಟಿಗಳನ್ನು ದಯವಿಟ್ಟು ಎಸೆಯಬೇಡಿ.